ಜನರೇಟರ್ ಬ್ಯಾಟರಿ: ಬದಲಿಸುವ ಮುನ್ನ ಪರೀಕ್ಷಿಸಿ

ವಿದ್ಯುತ್ ಕಡಿತವಾದೊಡನೆ ನೆರವಿಗೆ ಬರಬೇಕಾದ ಡೀಸೆಲ್ ಜನರೇಟರ್, ಸ್ಟಾರ್ಟ್ ಗುಂಡಿ ಒತ್ತಿದಾಗ 'ಟಕ್' ಎಂಬ ಸದ್ದಷ್ಟೇ ಮಾಡಿ ಸುಮ್ಮನಾಗುವುದು ಸಣ್ಣ ಕೈಗಾರಿಕೆಗಳಲ್ಲಿ ಅಪರೂಪವಲ್ಲ. ಆಗ ಬಹುತೇಕ ಉದ್ದಿಮೆದಾರರು ಹೊಸ ಬ್ಯಾಟರಿ ತರಿಸುತ್ತಾರೆ. ಆದರೆ ದೋಷವು ಚಾರ್ಜಿಂಗ್ ವ್ಯವಸ್ಥೆಯಲ್ಲಿದ್ದರೆ ಹೊಸ ಬ್ಯಾಟರಿಯೂ ಬೇಗನೆ ಹಳೆಯದರ ಹಾದಿ ಹಿಡಿಯುತ್ತದೆ.

ನಷ್ಟವು ಬ್ಯಾಟರಿಯ ಬೆಲೆಗಷ್ಟೇ ಸೀಮಿತವಲ್ಲ. ಗಂಟೆಗೆ 80 ರೂ. ಕೂಲಿಯ 12 ಕಾರ್ಮಿಕರು 2 ಗಂಟೆ ಕೈಕಟ್ಟಿ ಕುಳಿತರೆ 1,920 ರೂ. ವ್ಯರ್ಥ. ತಪ್ಪಿದ ಸರಬರಾಜಿನ ನಷ್ಟ ಬೇರೆ.

ವ್ಯವಸ್ಥೆಯ ಸ್ವರೂಪ

ಎಂಜಿನ್ ಓಡುವಾಗ ಬೆಲ್ಟ್ ಮೂಲಕ ತಿರುಗುವ ಸಣ್ಣ ಆಲ್ಟರ್ನೇಟರ್ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಅದರ ವೋಲ್ಟೇಜನ್ನು ರೆಗ್ಯುಲೇಟರ್ ಹದದಲ್ಲಿಡುತ್ತದೆ. ಅನೇಕ ಜನರೇಟರ್‌ಗಳಲ್ಲಿ, ಎಂಜಿನ್ ನಿಂತಿರುವಾಗಲೂ ಮಂಡಳಿಯ ವಿದ್ಯುತ್ತಿನಿಂದ ಕೆಲಸ ಮಾಡುವ ಪ್ರತ್ಯೇಕ ಚಾರ್ಜರ್ ಇರುತ್ತದೆ. ಅಪರೂಪಕ್ಕೆ ಓಡುವ ಜನರೇಟರ್‌ಗೆ ಇದೇ ಮುಖ್ಯ ಆಧಾರ.

ಪರೀಕ್ಷೆಯ ಕ್ರಮ

ಸಾಧಾರಣ ಮಲ್ಟಿಮೀಟರ್ ಒಂದಿದ್ದರೆ ಸಾಕು. ಕೆಳಗಿನ ಅಂಕಿಗಳು 12 ವೋಲ್ಟ್‌ನ ಲೆಡ್-ಆಸಿಡ್ ಬ್ಯಾಟರಿಗೆ ಅನ್ವಯಿಸುತ್ತವೆ. 24 ವೋಲ್ಟ್ ವ್ಯವಸ್ಥೆಯಲ್ಲಿ ಎರಡೂ ಬ್ಯಾಟರಿಗಳನ್ನು ಬೇರೆಬೇರೆಯಾಗಿ ಅಳೆಯಬೇಕು.

1. ಮೊದಲು ಟರ್ಮಿನಲ್‌ಗಳನ್ನು ನೋಡಬೇಕು. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಕ್ಲ್ಯಾಂಪ್ ಸಡಿಲವಿದ್ದರೆ ಸ್ವಚ್ಛಗೊಳಿಸಿ ಬಿಗಿಗೊಳಿಸಬೇಕು. ಅರ್ಥ್ ಕೇಬಲ್ಲಿನ ಇನ್ನೊಂದು ತುದಿಯನ್ನೂ ಮರೆಯಬಾರದು.

2. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟ್ ಇದ್ದರೆ ಬ್ಯಾಟರಿ ಪೂರ್ಣ ಚಾರ್ಜ್ ಆಗಿದೆ, 12.2 ಇದ್ದರೆ ಸುಮಾರು ಅರ್ಧ. 12ಕ್ಕಿಂತ ಕಡಿಮೆಯಿದ್ದರೆ ಬಹುತೇಕ ಖಾಲಿ.

3. ಪೂರ್ಣ ಚಾರ್ಜ್ ಆದ ಬ್ಯಾಟರಿಯ ವೋಲ್ಟೇಜ್ ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯ ಮೇಲೆಯೇ ಅನುಮಾನ ಪಡಬೇಕು.

4. ಎಂಜಿನ್ ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಿದೆ. 13 ದಾಟದಿದ್ದರೆ ಎಂಜಿನ್ ನಿಲ್ಲಿಸಿ ಬೆಲ್ಟ್, ಫ್ಯೂಸ್, ವೈರ್‌ಗಳನ್ನು ನೋಡಿ, ಅನಂತರವೇ ಆಲ್ಟರ್ನೇಟರನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿರುವ ಸಂಭವ ಹೆಚ್ಚು. ಬ್ಯಾಟರಿ ನೀರು ಪದೇಪದೇ ಇಳಿಯುವುದೂ ಇದರ ಸೂಚನೆ.

5. ಕೀ ತಿರುಗಿಸಿದಾಗ ಚಾರ್ಜ್ ದೀಪ ಹೊತ್ತದಿದ್ದರೆ ಬಲ್ಬನ್ನು ಪರೀಕ್ಷಿಸಬೇಕು. ಹಲವು ಆಲ್ಟರ್ನೇಟರ್‌ಗಳು ಆರಂಭಿಕ ವಿದ್ಯುತ್ತನ್ನು ಈ ದೀಪದ ಮೂಲಕವೇ ಪಡೆಯುತ್ತವೆ. ಬಲ್ಬ್ ಸುಟ್ಟರೆ ಚಾರ್ಜಿಂಗ್ ನಿಲ್ಲಬಹುದು.

6. ಎಲ್ಲವೂ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಪ್ರತ್ಯೇಕ ಚಾರ್ಜರಿನ ಸ್ವಿಚ್ ಮತ್ತು ಫ್ಯೂಸ್ ನೋಡಬೇಕು. ಕಂಟ್ರೋಲ್ ಪ್ಯಾನೆಲ್ ಸದಾ ಅಲ್ಪ ವಿದ್ಯುತ್ ಬಳಸುತ್ತಿರುತ್ತದೆ.

ಎಚ್ಚರಿಕೆ

ಎಂಜಿನ್ ಓಡುವಾಗ ಬ್ಯಾಟರಿ ಕೇಬಲ್ ಕಳಚಿದರೆ ಆಲ್ಟರ್ನೇಟರಿನ ಡಯೋಡ್‌ಗಳು ಸುಡಬಹುದು. ಕೇಬಲ್ ತೆಗೆಯುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಅನಿಲ ಹೊರಸೂಸುವುದರಿಂದ ಬೀಡಿ, ಬೆಂಕಿಕಡ್ಡಿ ಸಮೀಪ ಸಲ್ಲದು. ಜನರೇಟರ್ ತಾನಾಗಿಯೇ ಸ್ಟಾರ್ಟ್ ಆಗುವಂಥದ್ದಾದರೆ ಬೆಲ್ಟ್ ಮುಟ್ಟುವ ಮೊದಲು ಆಟೋ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಕೇಬಲ್ ಕಳಚಿರಬೇಕು.

ಲೆಕ್ಕಪತ್ರದ ದೃಷ್ಟಿ

ಇರುವ ಜನರೇಟರ್‌ನ ಬ್ಯಾಟರಿ ಬದಲಾವಣೆ ಸಾಮಾನ್ಯವಾಗಿ ದುರಸ್ತಿ ವೆಚ್ಚವೆನಿಸುತ್ತದೆ. ಲೆಡ್-ಆಸಿಡ್ ಬ್ಯಾಟರಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ ಪಡೆಯುವುದು ಹೂಡುವಳಿ ತೆರಿಗೆ ಜಮೆಗೆ ಅವಶ್ಯ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಜಮೆ ಇಲ್ಲ. ಹಳೆಯ ಬ್ಯಾಟರಿಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಇತರ ಕಸದೊಡನೆ ಬೆರೆಸದೆ, ಸಂಗ್ರಹಣೆ ಅಥವಾ ಮರುಬಳಕೆಯಲ್ಲಿ ತೊಡಗಿರುವ ಅಧಿಕೃತ ಘಟಕಕ್ಕೆ ಒಪ್ಪಿಸಬೇಕು. ವಿನಿಮಯದಲ್ಲಿ ಕಳೆದುಕೊಟ್ಟ ಮೊತ್ತವನ್ನೂ ಲೆಕ್ಕಕ್ಕೆ ತರಬೇಕು.

ದುರಸ್ತಿ ಖಾತೆಯಲ್ಲಿ ಎರಡು ವರ್ಷಗಳೊಳಗೆ ಎರಡು ಬ್ಯಾಟರಿಗಳ ಖರೀದಿ ಕಂಡುಬಂದರೆ, ದೋಷ ಬ್ಯಾಟರಿಯದಲ್ಲ, ಚಾರ್ಜಿಂಗ್‌ನದು ಎಂದು ಶಂಕಿಸಲು ಅದೇ ಸಾಕ್ಷಿ. ತಿಂಗಳಿಗೊಮ್ಮೆ ಎರಡು ವೋಲ್ಟೇಜ್ ಅಂಕಿಗಳನ್ನು, ಅಂದರೆ ಎಂಜಿನ್ ನಿಂತಾಗಿನದು ಮತ್ತು ಓಡುವಾಗಿನದು, ಜನರೇಟರ್ ಲಾಗ್ ಪುಸ್ತಕದಲ್ಲಿ ಬರೆದಿಟ್ಟರೆ ಆ ಸಾಕ್ಷಿಗಾಗಿ ಎರಡು ವರ್ಷ ಕಾಯಬೇಕಾಗಿಲ್ಲ.