ಹಾಸ್ಟೆಲ್ ಖಾಲಿ ಮಾಡಿ ಎಂದಾಗ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2019ರಲ್ಲಿ ದೇಶದಲ್ಲಿ ಆತ್ಮಹತ್ಯೆಗೆ ಬಲಿಯಾದ ವಿದ್ಯಾರ್ಥಿಗಳು 10,335. ಕೊರೊನಾ ಕಾಲಿಟ್ಟ 2020ರಲ್ಲಿ ಈ ಸಂಖ್ಯೆ 12,526ಕ್ಕೆ ಏರಿತು. ಒಂದೇ ವರ್ಷದಲ್ಲಿ ಶೇ 21ರಷ್ಟು ಹೆಚ್ಚಳ. ಎಲ್ಲ ವರ್ಗದವರನ್ನೂ ಸೇರಿಸಿದ ಒಟ್ಟು ಏರಿಕೆ ಶೇ 10 ಮಾತ್ರ. ಈ ಲೆಕ್ಕದಲ್ಲಿ ಶಾಲಾ ಮಕ್ಕಳೂ ಇದ್ದಾರೆ, ಆದ್ದರಿಂದ ಇದನ್ನು ಪೂರ್ತಿ ಕಾಲೇಜಿನ ಚಿತ್ರವೆನ್ನಲಾಗದು. ಒಂದೊಂದು ಸಾವಿನ ಹಿಂದೆಯೂ ಹಲವು ಕಾರಣಗಳು ಹೆಣೆದುಕೊಂಡಿರುತ್ತವೆ ಎಂಬುದೂ ನಿಜ. ಆದರೂ ಉಳಿದವರಿಗಿಂತ ಇಮ್ಮಡಿ ವೇಗದಲ್ಲಿ ವಿದ್ಯಾರ್ಥಿಗಳನ್ನೇ ಸಂಕಟ ಆವರಿಸಿತೆಂದರೆ, ಅವರ ಬದುಕಿನಲ್ಲಿ ಆಗ ಏನು ಕುಸಿಯಿತು ಎಂದು ಕೇಳಲೇಬೇಕು.

ಕುಸಿದದ್ದು ಮನೋಬಲವೊಂದೇ ಅಲ್ಲ, ಓದಿಗೆ ಆಧಾರವಾಗಿದ್ದ ವ್ಯವಸ್ಥೆ. ಹಳ್ಳಿಯಿಂದ ಬಂದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಹಾಸ್ಟೆಲ್ ಎಂದರೆ ಹೊತ್ತಿಗೆ ಊಟ, ಓದಲು ಜಾಗ, ಮನೆಯ ಒತ್ತಡಗಳಿಂದ ಒಂದಿಷ್ಟು ದೂರ. 2020ರ ಮಾರ್ಚ್‌ನಲ್ಲಿ ಕಾಲೇಜುಗಳು ಮುಚ್ಚಿದಾಗ ಅದು ಕೈತಪ್ಪಿತು. ತರಗತಿ ಮೊಬೈಲ್‌ಗೆ ಬಂತು. ಆದರೆ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಇಂಟರ್‌ನೆಟ್ ಸೌಲಭ್ಯವಿದ್ದ ಗ್ರಾಮೀಣ ಕುಟುಂಬಗಳು ಶೇ 15ರಷ್ಟು, ಕಂಪ್ಯೂಟರ್ ಇದ್ದವು ಶೇ 5ಕ್ಕೂ ಕಡಿಮೆ. ಅಂತಿಮ ವರ್ಷದವರಿಗಂತೂ ಪರೀಕ್ಷೆ ಇದೆಯೋ ಇಲ್ಲವೋ ಎಂಬುದೇ ತಿಳಿಯದೆ ತಿಂಗಳುಗಳು ಉರುಳಿದವು. ಸೆಪ್ಟೆಂಬರ್ ಕೊನೆಯೊಳಗೆ ಪರೀಕ್ಷೆ ಮುಗಿಸಿ ಎಂದು ಯುಜಿಸಿ ಹೇಳಿದ್ದು ಜುಲೈನಲ್ಲಿ, ಪರೀಕ್ಷೆಯಿಲ್ಲದೆ ಪದವಿ ಇಲ್ಲವೆಂದು ಸುಪ್ರೀಂ ಕೋರ್ಟ್ ಖಚಿತಪಡಿಸಿದ್ದು ಆಗಸ್ಟ್ 28ರಂದು. ಅಪ್ಪನ ದುಡಿಮೆ ನಿಂತ ಮನೆಯಲ್ಲಿ, ಶುಲ್ಕದ ಚಿಂತೆಯ ನಡುವೆ, ಇಷ್ಟು ಕಾಲದ ಅನಿಶ್ಚಿತತೆಯನ್ನು ಇಪ್ಪತ್ತು ವರ್ಷದ ಮನಸ್ಸು ಒಂಟಿಯಾಗಿ ಹೊರಬೇಕಾಯಿತು.

ಆತ್ಮಹತ್ಯೆಗಳು ಮೊದಲಿನಿಂದಲೂ ಏರುತ್ತಲೇ ಇದ್ದವಲ್ಲ, ಕೊರೊನಾವನ್ನೇಕೆ ದೂರುವುದು ಎನ್ನುವವರಿದ್ದಾರೆ. ಏರುತ್ತಿದ್ದವು ಹೌದು, ಆದರೆ 2018ರಿಂದ 2019ಕ್ಕೆ ವಿದ್ಯಾರ್ಥಿಗಳ ಲೆಕ್ಕ ಹೆಚ್ಚಿದ್ದು ಶೇ 2ಕ್ಕಿಂತ ಕಡಿಮೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 21 ದೇಶಗಳ ಅಂಕಿಅಂಶ ನೋಡಿದ ಅಧ್ಯಯನವೊಂದಕ್ಕೆ ಸಾಂಕ್ರಾಮಿಕದ ಮೊದಲ ತಿಂಗಳುಗಳಲ್ಲಿ ಆತ್ಮಹತ್ಯೆ ಹೆಚ್ಚಿದ ಸುಳಿವು ಬಹುತೇಕ ಸಿಗಲಿಲ್ಲ. ಅವು ಹೆಚ್ಚಾಗಿ ಅನುಕೂಲಸ್ಥ ದೇಶಗಳು. ಸರ್ಕಾರಗಳು ಕೊಟ್ಟ ಹಣಕಾಸಿನ ನೆರವೂ ಕಾರಣವಾಗಿರಬಹುದು ಎಂದು ಅಧ್ಯಯನಕಾರರು ಊಹಿಸಿದ್ದರು. ನನಗೆ ಇದು ಆಕ್ಷೇಪಕ್ಕಿಂತ ಭರವಸೆಯಾಗಿ ಕಾಣುತ್ತದೆ: ರೋಗ ಬಂದಲ್ಲೆಲ್ಲ ಆತ್ಮಹತ್ಯೆ ಹೆಚ್ಚಲೇಬೇಕೆಂದಿಲ್ಲ, ನಡುವೆ ನಾವು ಮಾಡಬಹುದಾದದ್ದು ಬಹಳವಿದೆ.

ಈಗಿನ ಮಕ್ಕಳೇ ದುರ್ಬಲರು ಎಂಬ ಮಾತನ್ನಂತೂ ಒಪ್ಪಲಾರೆ. 2020ರ ಜೂನ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ನಡೆಸಿದ ಸಮೀಕ್ಷೆಯಲ್ಲಿ, ಹಿಂದಿನ 30 ದಿನಗಳಲ್ಲಿ ಆತ್ಮಹತ್ಯೆಯ ಬಗ್ಗೆ ಗಂಭೀರವಾಗಿ ಯೋಚಿಸಿದ್ದಾಗಿ 18ರಿಂದ 24 ವಯಸ್ಸಿನ ಶೇ 25.5 ಮಂದಿ ಹೇಳಿದ್ದರು. ನಾಲ್ವರಲ್ಲಿ ಒಬ್ಬರಿಗೆ ಬಂದ ಯೋಚನೆಯನ್ನು ವ್ಯಕ್ತಿಯ ದೌರ್ಬಲ್ಯವೆನ್ನಲಾಗದು. ಅಂಥ ಯೋಚನೆ ಬಂದವರಲ್ಲಿ ಬಹುಪಾಲು ಮಂದಿ ಬದುಕಿಗೆ ಮರಳುತ್ತಾರೆ, ಪಕ್ಕದಲ್ಲಿ ಯಾರಾದರೂ ನಿಂತರೆ ಇನ್ನಷ್ಟು ಬೇಗ. ‘ಸಾಯಬೇಕು ಅನ್ನಿಸ್ತಿದೆಯಾ’ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂದು ಹೆದರುವ ಅಧ್ಯಾಪಕರಿದ್ದಾರೆ. ಸಂಶೋಧನೆಗಳು ಈ ಭಯವನ್ನು ಸಮರ್ಥಿಸುವುದಿಲ್ಲ. ಕೇಳಿಸಿಕೊಳ್ಳುವವರಿದ್ದಾರೆ ಎಂದು ಗೊತ್ತಾದರೆ ಎದೆಯ ಭಾರ ಇಳಿಯುತ್ತದೆ.

ಸರ್ಕಾರ ಕೊಟ್ಟ ಮುಖ್ಯ ಉತ್ತರ ಸಹಾಯವಾಣಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮನಸ್‌ಗೆ ಬೆಂಗಳೂರಿನ ನಿಮ್ಹಾನ್ಸ್ ಆಧಾರ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಇದು ಬೇಕೇ ಬೇಕು. ಆದರೆ ಕಾಲೇಜುಗಳು ತೆರೆದಿದ್ದ 2022ರಲ್ಲೂ ವಿದ್ಯಾರ್ಥಿಗಳ ಸಾವು 13,044. ಬಾರದ ವಿದ್ಯಾರ್ಥಿವೇತನವನ್ನು ಆಪ್ತಸಮಾಲೋಚಕರು ಕೊಡಿಸಲಾರರು, ಹಾಸ್ಟೆಲ್ ಕೋಣೆಯನ್ನು ಮರಳಿಸಲಾರರು. ಅದು ಕಾಲೇಜು, ವಿಶ್ವವಿದ್ಯಾಲಯ, ಸಮಾಜ ಕಲ್ಯಾಣ ಇಲಾಖೆಗಳ ಕೆಲಸ. ಮುಂದೆ ಎಂದಾದರೂ ಕಾಲೇಜು ಮುಚ್ಚುವ ಸುತ್ತೋಲೆ ಹೊರಟರೆ, ಮನೆಗೆ ಹೋಗಲಾರದವರು ಎಲ್ಲಿ ಉಳಿಯಬೇಕು, ವಿದ್ಯಾರ್ಥಿವೇತನ ಯಾವ ದಿನ ಬ್ಯಾಂಕ್ ಖಾತೆಗೆ ಬೀಳುತ್ತದೆ, ಪರೀಕ್ಷೆಯ ತೀರ್ಮಾನ ಯಾವತ್ತು, ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುವ ಅಧ್ಯಾಪಕರು ಯಾರು ಎಂಬುದೆಲ್ಲ ಅದೇ ಸುತ್ತೋಲೆಯಲ್ಲಿ ಇರಬೇಕು.