ಕಬ್ಬಿಣದೊಳಗೆ ಉಳಿದ ಹೆಪ್ಪು

ಎಡಕುಮೇರಿಯ ಮೇಲ್ಬದಿಯ ಗುಡ್ಡದಲ್ಲಿ ಕಾಫಿ ತೋಟವಿರುವ ಓದುಗರೊಬ್ಬರು ಒಂದು ಚೆಂದದ ಪ್ರಶ್ನೆ ಕಳಿಸಿದ್ದಾರೆ. ಹೋದ ಮಳೆಗಾಲ ಮುಗಿದ ಮೇಲೆ ಅವರ ಸಣ್ಣ ಪೆಟ್ರೋಲ್ ಜನರೇಟರ್ ಗೋಡೌನಿನ ಮೂಲೆ ಸೇರಿತ್ತು. ಈ ಸಲ ಆರಿದ್ರಾ ಮಳೆಗೆ ಮರ ಉರುಳಿ ಕರೆಂಟಿನ ತಂತಿ ಹರಿದಾಗ ಅದನ್ನು ಹೊರಗೆಳೆದು ಹಗ್ಗ ಜಗ್ಗಿದರು. ಎಂಜಿನ್ ಚುರುಕಾಗಿ ಶುರುವಾಯಿತು, ಸದ್ದೂ ಸರಿಯಾಗಿತ್ತು, ಆದರೆ ಬಲ್ಬು ಮಾತ್ರ ಹತ್ತಲಿಲ್ಲ. ಮನೆಯಲ್ಲಿ ಹಿರಿಯರು ಯಂತ್ರಕ್ಕೆ ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು ನಿವಾಳಿಸಿದರಂತೆ. ಮಾರನೇ ದಿನ ಸಕಲೇಶಪುರದಿಂದ ಬಂದ ಮೆಕ್ಯಾನಿಕ್ ಹಿಂದಿನ ಮುಚ್ಚಳ ಬಿಚ್ಚಿ, ಬೈಕಿನ 12 ವೋಲ್ಟ್ ಬ್ಯಾಟರಿಯಿಂದ ಎರಡು ವೈರು ಎಳೆದು, ಒಳಗೆಲ್ಲೋ ಒಂದು ಕ್ಷಣ ಮುಟ್ಟಿಸಿದ. ಬಲ್ಬು ಝಗ್ಗನೆ ಹತ್ತಿಕೊಂಡಿತು. ‘ಬ್ಯಾಟರಿ ತೆಗೆದ ಮೇಲೂ ಉರಿಯುತ್ತಲೇ ಇತ್ತು. ಆ ಒಂದು ಕ್ಷಣದಲ್ಲಿ ಅವನು ಮಾಡಿದ್ದೇನು? ಹೊಸದು ಕೊಳ್ಳುವುದಾದರೆ ಎಂಥದ್ದು ಕೊಳ್ಳಲಿ?’ ಎಂದು ಕೇಳಿದ್ದಾರೆ.

ಎರಡನೇ ಪ್ರಶ್ನೆಗೆ ಅಂಗಡಿಯವರೂ ಉತ್ತರ ಕೊಟ್ಟಾರು. ಮೊದಲನೆಯದು ಇಡೀ ವಿದ್ಯುತ್ ಯುಗದ ಬುಡಕ್ಕೇ ಕೈಹಾಕುವ ಪ್ರಶ್ನೆ.

ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟದ್ದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಆದರೆ ನಮ್ಮ ಮಾಮೂಲಿ ಪೆಟ್ರೋಲ್ ಜನರೇಟರಿನಲ್ಲಿ ಕರೆಂಟು ಹುಟ್ಟಿಸುವ ಭಾಗವನ್ನು ಪೂರ್ತಿ ಬಿಚ್ಚಿ ಹುಡುಕಿದರೂ ಅದರೊಳಗೆ ಶಾಶ್ವತ ಅಯಸ್ಕಾಂತ ಸಿಗದಿರುವುದೇ ಹೆಚ್ಚು. ತಾಮ್ರದ ತಂತಿ ಸುತ್ತಿದ ಕಬ್ಬಿಣದ ರೋಟರ್ ಇರುತ್ತದೆ, ಅಷ್ಟೆ. ಆ ತಂತಿಯಲ್ಲಿ ಕರೆಂಟು ಹರಿದಾಗ ಮಾತ್ರ ಕಬ್ಬಿಣ ಬಲವಾದ ಅಯಸ್ಕಾಂತವಾಗುತ್ತದೆ. ಆ ಕರೆಂಟು ಬರಬೇಕಾದದ್ದು ಅದೇ ಜನರೇಟರಿನಿಂದ. ಅಂದರೆ ಅಯಸ್ಕಾಂತ ಬೇಕಾದರೆ ಕರೆಂಟು ಬೇಕು, ಕರೆಂಟು ಬೇಕಾದರೆ ಅಯಸ್ಕಾಂತ ಬೇಕು. ಹಗ್ಗ ಎಳೆದು ಶುರು ಮಾಡುವ ಯಂತ್ರದಲ್ಲಿ ಬ್ಯಾಟರಿಯೂ ಇಲ್ಲ. ಹಾಗಿದ್ದರೆ ಮೊದಲ ಕರೆಂಟು ಎಲ್ಲಿಂದ?

ಕಬ್ಬಿಣದ ನೆನಪಿನಿಂದ! ಕಬ್ಬಿಣದೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಾಂತವಲಯಗಳಿವೆ. ಸುತ್ತಿದ ತಂತಿಯಲ್ಲಿ ಕರೆಂಟು ಹರಿದಾಗ ಅವೆಲ್ಲ ಒಂದೇ ದಿಕ್ಕಿಗೆ ಮುಖ ಮಾಡುತ್ತವೆ. ಕರೆಂಟು ನಿಂತ ಕೂಡಲೇ ಹೆಚ್ಚಿನವು ದಿಕ್ಕು ತಪ್ಪಿ ಚದುರುತ್ತವೆ, ಎಲ್ಲವೂ ಅಲ್ಲ. ಒಂದಷ್ಟು ವಲಯಗಳು ತಿರುಗಿದ ದಿಕ್ಕಿನಲ್ಲೇ ನಿಂತುಬಿಡುತ್ತವೆ. ಹೀಗೆ ಉಳಿದದ್ದು ಉಳಿಕೆ ಕಾಂತತ್ವ. ಒಂದು ಗುಂಡುಸೂಜಿಯನ್ನು ಎತ್ತಲೂ ಸಾಲದಷ್ಟು ಕ್ಷೀಣವಾಗಿದ್ದರೂ ಮುಂದಿನ ಸಲ ಎಂಜಿನ್ ಶುರುವಾದಾಗ ಎರಡು ಮೂರು ವೋಲ್ಟ್ ಹುಟ್ಟಿಸಲು ಅದು ಸಾಕು. ಆ ಎರಡು ಮೂರು ವೋಲ್ಟ್ ರೋಟರಿನ ಸುರುಳಿಗೆ ಮರಳಿ ಹೋಗಿ ಅಯಸ್ಕಾಂತವನ್ನು ಚೂರು ಬಲಪಡಿಸುತ್ತದೆ. ಆಗ ವೋಲ್ಟೇಜು ಏರುತ್ತದೆ, ಏರಿದ್ದು ಅಯಸ್ಕಾಂತವನ್ನು ಇನ್ನಷ್ಟು ಬಲಪಡಿಸುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಎರಡು ವೋಲ್ಟ್ ಹೋಗಿ 230 ಆಗಿರುತ್ತದೆ. ನಿನ್ನೆಯ ಪಾತ್ರೆಯಲ್ಲಿ ಉಳಿದ ಒಂದು ಚಮಚ ಮೊಸರೇ ಇವತ್ತಿನ ಇಡೀ ಹಾಲಿಗೆ ಹೆಪ್ಪಾಗುವ ಹಾಗೆ, ನಿನ್ನೆಯ ಕರೆಂಟು ಕಬ್ಬಿಣದಲ್ಲಿ ಉಳಿಸಿಹೋದ ಚೂರು ಕಾಂತತ್ವವೇ ಇವತ್ತಿನ ಕರೆಂಟಿಗೆ ಹೆಪ್ಪು.

ಹೀಗೆ ಏರುತ್ತಲೇ ಹೋದರೆ ಸಾವಿರ, ಹತ್ತು ಸಾವಿರ ವೋಲ್ಟ್ ಆಗಬೇಡವೇ? ಆಗುವುದಿಲ್ಲ. ಬಹುಪಾಲು ಕಾಂತವಲಯಗಳು ಒಂದೇ ದಿಕ್ಕಿಗೆ ತಿರುಗಿದ ಮೇಲೆ ಹೊಸದಾಗಿ ತಿರುಗಲು ಕಬ್ಬಿಣದಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಕಬ್ಬಿಣ ತುಂಬಿಹೋಯಿತು. ಏರಿಕೆ ಅಲ್ಲಿಗೆ ನಿಲ್ಲುತ್ತದೆ. ಈಗಿನ ಯಂತ್ರಗಳಲ್ಲಿ ಅದಕ್ಕೂ ಮೊದಲೇ ಲಗಾಮು ಹಾಕಲು ‘ಎವಿಆರ್’ ಎಂಬ ಪುಟ್ಟ ಬೋರ್ಡು ಇರುತ್ತದೆ. ಆದರೆ ಆ ಬೋರ್ಡು ಎಚ್ಚರವಾಗುವುದಕ್ಕೂ ಆ ಮೊದಲ ಎರಡು ಮೂರು ವೋಲ್ಟ್ ಬೇಕೇ ಬೇಕು.

ಈ ಉಪಾಯ ಹೊಳೆಯುವವರೆಗೆ ವಿದ್ಯುತ್ ಯಂತ್ರಗಳು ಭಾರವಾದ ಉಕ್ಕಿನ ಅಯಸ್ಕಾಂತಗಳನ್ನು ಹೊತ್ತು ಏದುಸಿರು ಬಿಡುತ್ತಿದ್ದವು. ಹೊಳೆದದ್ದು ಒಬ್ಬರಿಗಲ್ಲ. ಹಂಗೇರಿಯ ಪಾದ್ರಿ, ಭೌತಶಾಸ್ತ್ರದ ಪ್ರಾಧ್ಯಾಪಕ ಆನ್ಯೋಶ್ ಯೆಡ್ಲಿಕ್ ಇದನ್ನು ಮೊದಲೇ ಕಂಡುಕೊಂಡಿದ್ದರೂ ಡಂಗುರ ಸಾರಲಿಲ್ಲ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ವಾರ್ಲೆ 1866ರ ಕೊನೆಯಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ಬರ್ಲಿನ್‌ನ ವರ್ನರ್ ಸೀಮೆನ್ಸ್ ಬರೆದ ಪ್ರಬಂಧ 1867ರ ಜನವರಿಯಲ್ಲಿ ಅಲ್ಲಿನ ಅಕಾಡೆಮಿಯ ಮುಂದೆ ಬಂತು. ಅದಾಗಿ ಒಂದು ತಿಂಗಳಿಗೆ, 1867ರ ಫೆಬ್ರವರಿ 14ರಂದು, ಲಂಡನ್ನಿನ ರಾಯಲ್ ಸೊಸೈಟಿಯ ಒಂದೇ ಸಭೆಯಲ್ಲಿ ವರ್ನರನ ತಮ್ಮ ವಿಲಿಯಂ ಸೀಮೆನ್ಸ್ ಮತ್ತು ಚಾರ್ಲ್ಸ್ ವೀಟ್‌ಸ್ಟನ್ ಇಬ್ಬರ ಪ್ರಬಂಧಗಳೂ ಮಂಡನೆಯಾದವು, ಎರಡರಲ್ಲೂ ಇದೇ ತತ್ವ! ವಿಜ್ಞಾನದ ಇತಿಹಾಸದಲ್ಲಿ ನನಗೆ ತೀರಾ ಇಷ್ಟವಾದ ಸಭೆಗಳಲ್ಲಿ ಇದೂ ಒಂದು. ಬೀದಿದೀಪ, ಟ್ರಾಮು, ಕಾರ್ಖಾನೆ ಎಲ್ಲಕ್ಕೂ ಅಗ್ಗದ ವಿದ್ಯುತ್ತು ಒದಗಿದ್ದು ಆ ಉಳಿಕೆ ಕಾಂತತ್ವದಿಂದ.

ಈಗ ನಮ್ಮ ಓದುಗರ ಜನರೇಟರಿಗೆ ಬರೋಣ. ಮಳೆಗಾಲದಿಂದ ಮಳೆಗಾಲದವರೆಗೆ ಸುಮ್ಮನೆ ಬಿದ್ದಿದ್ದರೆ ಕಬ್ಬಿಣದ ನೆನಪು ಸವೆಯುತ್ತದೆ. ತೋಟದ ಕಲ್ಲುದಾರಿಯಲ್ಲಿ ಜೀಪಿನ ಹಿಂಬದಿಯಲ್ಲಿ ಕುಲುಕಾಡಿದರೆ ಇನ್ನೂ ಬೇಗ. ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡುವುದು ನಾವು ಯಂತ್ರ ನಿಲ್ಲಿಸುವ ರೀತಿ. ಬಲ್ಬು, ಫ್ರಿಜ್ಜು ಎಲ್ಲ ಓಡುತ್ತಿರುವಾಗಲೇ ಎಂಜಿನ್ ಆಫ್ ಮಾಡಿದರೆ, ಅಥವಾ ಪೆಟ್ರೋಲ್ ಮುಗಿದು ತಾನಾಗಿಯೇ ನಿಲ್ಲಲು ಬಿಟ್ಟರೆ, ವೇಗ ಇಳಿಯುತ್ತಿದ್ದಂತೆ ಆ ಹೊರೆ ಉಳಿಕೆ ಕಾಂತತ್ವವನ್ನೂ ಹೀರಿಬಿಡುತ್ತದೆ. ಹೆಪ್ಪಿಗೂ ಉಳಿಸದೆ ಪಾತ್ರೆ ಬಳಿದಂತಾಯಿತು. ಮೊದಲು ವೈರು ಕಿತ್ತು, ಎಂಜಿನ್ ಒಂದೆರಡು ನಿಮಿಷ ಬರಿದೇ ಓಡಲು ಬಿಟ್ಟು, ಆಮೇಲೆ ನಿಲ್ಲಿಸಬೇಕು.

ಆ ಮೆಕ್ಯಾನಿಕ್ ಬ್ಯಾಟರಿಯಿಂದ ಕೊಟ್ಟದ್ದು ಆ ಹೆಪ್ಪನ್ನೇ. ರೋಟರಿನ ಸುರುಳಿಗೆ ಕ್ಷಣಕಾಲ 12 ವೋಲ್ಟ್ ಹರಿದಾಗ ವಲಯಗಳು ಮತ್ತೆ ಒಂದು ದಿಕ್ಕು ಹಿಡಿದವು. ಮಿಕ್ಕದ್ದನ್ನು ಯಂತ್ರ ತಾನೇ ಮಾಡಿಕೊಂಡಿತು. ಬ್ಯಾಟರಿಯೂ ಇಲ್ಲದ ಕಡೆ ಅನುಭವಿಗಳು ಇನ್ನೂ ಸೊಗಸಾದ ಕೆಲಸ ಮಾಡುತ್ತಾರೆ. ಓಡುತ್ತಿರುವ ಜನರೇಟರಿಗೆ ವೈರಿನ ಡ್ರಿಲ್ಲಿಂಗ್ ಮೆಷಿನ್ ಸಿಕ್ಕಿಸಿ, ಅದರ ಗುಂಡಿ ಒತ್ತಿ ಹಿಡಿದು, ಮೂತಿಯನ್ನು ಕೈಯಿಂದ ಉಲ್ಟಾ ತಿರುಗಿಸುತ್ತಾರೆ. ಡ್ರಿಲ್ಲಿನ ಮೋಟಾರೇ ಒಂದು ಗಳಿಗೆ ಪುಟ್ಟ ಜನರೇಟರಾಗಿ ದೊಡ್ಡದಕ್ಕೆ ಕರೆಂಟು ಉಣಿಸುತ್ತದೆ, ದೊಡ್ಡದು ಎಚ್ಚರಗೊಂಡು ಡ್ರಿಲ್ಲನ್ನೇ ಗರ್ರನೆ ತಿರುಗಿಸುತ್ತದೆ. ಬೆರಳು ಅಲ್ಲೇ ಇದ್ದರೆ ಗಾಯ ಖಂಡಿತ. ಬ್ಯಾಟರಿಯನ್ನು ಉಲ್ಟಾ ಕೊಟ್ಟರೆ ಎವಿಆರ್ ಸುಡಬಹುದು. ಆದ್ದರಿಂದ ಎರಡನ್ನೂ ತಿಳಿದವರ ಕೈಯಲ್ಲೇ ಮಾಡಿಸಿ. ನೀವು ಮಾಡಬಹುದಾದದ್ದು ಮೀಟರ್ ಹಿಡಿದು ನೋಡುವುದು. ಎಂಜಿನ್ ಓಡುವಾಗ ಎರಡು ಮೂರು ವೋಲ್ಟ್ ತೋರಿಸಿದರೆ ಹೆಪ್ಪು ಇದೆ, ದೋಷ ಬೇರೆಲ್ಲೋ ಇದೆ. ಸೊನ್ನೆ ತೋರಿಸಿದರೆ ಹೆಪ್ಪು ಹೋಗಿರಬಹುದು ಎಂದು ಮೊದಲು ಅನುಮಾನಿಸಿ.

ಆಯುಧಪೂಜೆಯ ದಿನ ಜನರೇಟರಿಗೆ ಅರಿಶಿನ ಕುಂಕುಮ ಹಚ್ಚುವುದರ ಬಗ್ಗೆ ನನ್ನ ತಕರಾರಿಲ್ಲ. ಆ ನೆಪದಲ್ಲಾದರೂ ಧೂಳು ಒರೆಸುತ್ತಾರೆ. ಆದರೆ ಕೆಟ್ಟು ನಿಂತ ಯಂತ್ರದ ಮುಂದೆ ನಿಂಬೆಹಣ್ಣು ಹಿಡಿಯುವುದು ತಪ್ಪು. ಏಕೆ ಕೆಟ್ಟಿತು ಎಂದು ಕೇಳುವ ಅಭ್ಯಾಸವನ್ನೇ ಅದು ಕೊಂದುಹಾಕುತ್ತದೆ. ಆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ, ನಿವಾಳಿಸಿದ ಕೈಗಿಂತ ಬ್ಯಾಟರಿ ಮುಟ್ಟಿಸಿದ ಕೈಯನ್ನು ಅವರು ಹತ್ತಿರದಿಂದ ನೋಡಲಿ.

ಎಡಕುಮೇರಿಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಎಡಕುಮೇರಿಯ ಮೂಲಕ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಸುಮಾರು 55 ಕಿಲೋಮೀಟರ್ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಇಳಿಜಾರು 50 ಮೀಟರಿಗೆ 1 ಮೀಟರ್. ಈ ಹಾದಿಯಲ್ಲಿ ದಶಕಗಳ ಕಾಲ ಉಸಿರುಗಟ್ಟಿ ಏರಿದ ಡೀಸೆಲ್ ಎಂಜಿನ್‌ಗಳು ನಿಜದಲ್ಲಿ ಚಕ್ರದ ಮೇಲಿನ ಜನರೇಟರುಗಳು. ಅವುಗಳಲ್ಲೊಂದಾದ ಡಬ್ಲ್ಯುಡಿಜಿ-4 ಎಂಜಿನ್ ಒಳಗಿನ ಸುಮಾರು 4000 ಅಶ್ವಶಕ್ತಿಯ ಡೀಸೆಲ್ ಯಂತ್ರ ನೇರವಾಗಿ ಗಾಲಿಯನ್ನು ತಿರುಗಿಸುವುದಿಲ್ಲ. ಅದು ಆಲ್ಟರ್ನೇಟರನ್ನು ತಿರುಗಿಸುತ್ತದೆ, ಅದರ ಕರೆಂಟಿನಿಂದ ಗಾಲಿಗಳ ಮೋಟಾರು ಓಡುತ್ತದೆ. ಘಟ್ಟ ಇಳಿಯುವಾಗ ಕಥೆ ತಿರುವುಮುರುವು. ಗಾಲಿಗಳೇ ಮೋಟಾರನ್ನು ತಿರುಗಿಸುತ್ತವೆ, ಮೋಟಾರುಗಳು ಜನರೇಟರಾಗಿ ಬದಲಾಗಿ ರೈಲಿನ ವೇಗವನ್ನು ಜಗ್ಗಿ ಹಿಡಿಯುತ್ತವೆ. ಹುಟ್ಟಿದ ಕರೆಂಟನ್ನು ದೊಡ್ಡ ದೊಡ್ಡ ರೋಧಕಗಳಲ್ಲಿ ಕಾಯಿಸಿ, ಫ್ಯಾನು ಹಾಕಿ ಕೆಂಪುಹೊಳೆಯ ಕಣಿವೆಯ ಗಾಳಿಗೆ ಬಿಡಲಾಗುತ್ತದೆ. ಇಲ್ಲಿಯೂ ಆ ಮೋಟಾರಿಗೆ ಮೊದಲು ಒಂದಿಷ್ಟು ಕಾಂತಕ್ಷೇತ್ರವನ್ನು ಹೊರಗಿನಿಂದ ಉಣಿಸಲೇಬೇಕು. ಇಲ್ಲದಿದ್ದರೆ ಬರಿದೇ ತಿರುಗುತ್ತದೆ, ಬ್ರೇಕು ಹಿಡಿಯುವುದಿಲ್ಲ.

ಇನ್ನು ಕೊಳ್ಳುವ ವಿಚಾರ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಕುಸಿದು ರೈಲುಗಳೇ ದಿನಗಟ್ಟಲೆ ನಿಂತಿದ್ದವು. ಅಂಥ ಗುಡ್ಡಗಳಲ್ಲಿ ತಂತಿ ಹರಿದರೆ ಸಂಜೆಯೊಳಗೆ ಕರೆಂಟು ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಬ್ಯಾಟರಿಯ ಯುಪಿಎಸ್ ಮೊದಲ ರಾತ್ರಿಗೇ ಸುಸ್ತಾಗುತ್ತದೆ. ಜನರೇಟರ್ ಬೇಕು, ಸರಿ. ನಿಮಗೆ ಬೇಕಿರುವುದು ದೀಪ, ಮೊಬೈಲ್, ಫ್ರಿಜ್ಜು ಅಷ್ಟೇ ಆದರೆ ‘ಇನ್ವರ್ಟರ್ ಜನರೇಟರ್’ ಎಂದು ಮಾರುವ ಬಗೆಯದ್ದನ್ನೇ ತೆಗೆದುಕೊಳ್ಳಿ. ಅದರಲ್ಲಿ ಶಾಶ್ವತ ಅಯಸ್ಕಾಂತಗಳಿರುವುದರಿಂದ ಹೆಪ್ಪು ಕಳೆದುಹೋಗುವ ಮಾತೇ ಇಲ್ಲ. ಹೊರೆ ಕಡಿಮೆಯಿದ್ದಾಗ ಎಂಜಿನ್ ನಿಧಾನವಾಗಿ ಓಡಿ ಪೆಟ್ರೋಲ್ ಉಳಿಸುತ್ತದೆ. ಮಾಮೂಲಿ ಯಂತ್ರ 50 ಹರ್ಟ್ಸ್ ಕೊಡಬೇಕಾದರೆ ಒಂದೇ ಬಲ್ಬು ಉರಿಯುತ್ತಿದ್ದರೂ ನಿಮಿಷಕ್ಕೆ 3000 ಸುತ್ತು ತಿರುಗಲೇಬೇಕು. ಇನ್ವರ್ಟರ್ ಬಗೆಯದಕ್ಕೆ ಬೆಲೆ ಹೆಚ್ಚು, ಅದರ ಬೋರ್ಡು ಸುಟ್ಟರೆ ಹಳ್ಳಿಯಲ್ಲಿ ರಿಪೇರಿ ಕಷ್ಟ ಎಂಬುದೂ ನಿಜ.

ನೀರಿನ ಮೋಟಾರನ್ನೂ ಓಡಿಸಬೇಕು ಎಂದರೆ ಲೆಕ್ಕ ಬೇರೆ. 1 ಎಚ್‌ಪಿ ಮೋಟಾರು ಓಡುವಾಗ ಸುಮಾರು 1000 ವಾಟ್ ಕೇಳುತ್ತದೆ. ಶುರುವಾಗುವ ಕ್ಷಣ ಅದರ ಮೂರು ನಾಲ್ಕು ಪಟ್ಟು ಕರೆಂಟು ಎಳೆಯುತ್ತದೆ. 2 ಕೆವಿಎ ಯಂತ್ರ ಅಲ್ಲೇ ಮುಗ್ಗರಿಸಬಹುದು. ಇದಕ್ಕೆ 3 ಕೆವಿಎ ಮೇಲಿನ, ಎವಿಆರ್ ಇರುವ ಮಾಮೂಲಿ ಯಂತ್ರವೇ ಸರಿ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗಾಳಿ ತೆಳುವಾದಂತೆ ಎಂಜಿನ್ನಿನ ಕಸುವು ಇಳಿಯುತ್ತದೆ. ಇಲ್ಲಿ ಸುಮಾರು ಹತ್ತನೇ ಒಂದು ಪಾಲು ಖೋತಾ. ಮಂಗಳೂರಿನಲ್ಲಿ ಸರಾಗವಾಗಿ ಓಡಿದ ಯಂತ್ರ ನಿಮ್ಮ ತೋಟದಲ್ಲಿ ಏದುಸಿರು ಬಿಟ್ಟರೆ ಅಂಗಡಿಯವರನ್ನು ಬೈಯಬೇಡಿ.

ಕೊಂಡ ಮೇಲೆ ಇಡುವುದೆಲ್ಲಿ? ಮಲೆನಾಡಿನಲ್ಲಿ ನಾನು ಕಂಡ ಮಟ್ಟಿಗೆ ಬಹಳ ಮಂದಿ ಮಳೆಗೆ ನೆನೆಯದಿರಲೆಂದು ಜಗಲಿಯ ಮೂಲೆಯಲ್ಲಿಟ್ಟು, ಚಳಿಗೆ ಮನೆಯ ಕಿಟಕಿ ಬಾಗಿಲೆಲ್ಲ ಮುಚ್ಚಿ ಮಲಗುತ್ತಾರೆ. ‘ಹೊಗೆ ವಾಸನೆ ಬಂದರೆ ಎದ್ದು ಆಫ್ ಮಾಡಿದರಾಯಿತು’ ಎನ್ನುತ್ತಾರೆ. ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿಲ್ಲ. ಕೊಲ್ಲುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಆಮೇಲೆ ಜೊಂಪು. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಅಮೆರಿಕದ ಕಣ್ಣಿನ ವೈದ್ಯ ವಿಲಿಯಂ ವಿಲ್ಮರ್ 1921ರಲ್ಲಿ ಒಂದು ‘ದೆವ್ವದ ಮನೆ’ಯ ಪ್ರಕರಣವನ್ನು ವೈದ್ಯಪತ್ರಿಕೆಯಲ್ಲಿ ದಾಖಲಿಸಿದ. ಮನೆಮಂದಿಗೆಲ್ಲ ರಾತ್ರಿ ಹೆಜ್ಜೆ ಸಪ್ಪಳ, ಅಪರಿಚಿತ ಆಕೃತಿಗಳು, ತಲೆನೋವು. ಹುಡುಕಿದಾಗ ಸಿಕ್ಕಿದ್ದು ಮನೆ ಬಿಸಿಮಾಡುವ ಕುಲುಮೆಯಿಂದ ಸೋರುತ್ತಿದ್ದ ಇದೇ ಅನಿಲ. ಕುಲುಮೆ ಸರಿಮಾಡಿಸಿದ ಮೇಲೆ ದೆವ್ವವೂ ಹೋಯಿತು. ಯಂತ್ರವನ್ನು ಮನೆಯಿಂದ ಕನಿಷ್ಠ 20 ಅಡಿ ದೂರ, ಹೊಗೆ ಕೊಳವೆಯ ಮುಖ ಆಚೆಗೆ ಮಾಡಿ, ನಾಲ್ಕೂ ಬದಿ ತೆರೆದ ತಗಡಿನ ಮಾಡಿನಡಿ ಇಡಿ. ಕಿಟಕಿ ತೆರೆದಿಟ್ಟರೆ ಸಾಕು ಎಂಬುದನ್ನು ನಂಬಬೇಡಿ.

ಇನ್ನೊಂದು ಕೆಲಸವನ್ನಂತೂ ಮಾಡಲೇಬಾರದು. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿಸಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿ ಇಡೀ ಮನೆಗೆ ಕರೆಂಟು ಹರಿಸುವವರಿದ್ದಾರೆ. ಆ ಕರೆಂಟು ಮೀಟರು ದಾಟಿ ಹೊರಗಿನ ತಂತಿಗೂ ಹೋಗುತ್ತದೆ. ಮನೆಗಳ ಕರೆಂಟಿಗಾಗಿ 11,000 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಉಲ್ಟಾ ದಿಕ್ಕಿನಲ್ಲಿ ಅಷ್ಟೇ ಚೆನ್ನಾಗಿ ಏರಿಸಬಲ್ಲದು. ಆ ಹೊತ್ತಿಗೆ ಮಳೆಯಲ್ಲಿ ಕಂಬ ಹತ್ತಿ, ಲೈನು ಸತ್ತಿದೆ ಎಂದು ನಂಬಿ ಹರಿದ ತಂತಿ ಕಟ್ಟುತ್ತಿರುವ ಲೈನ್‌ಮನ್ ಸಾಯುತ್ತಾನೆ. ಒಂದು ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಮನೆಯ ವೈರಿಂಗ್ ಒಂದೋ ಲೈನಿಗೆ, ಇಲ್ಲವೇ ಜನರೇಟರಿಗೆ ಸೇರಿರುತ್ತದೆ, ಎರಡಕ್ಕೂ ಒಟ್ಟಿಗೆ ಸೇರಲು ಆಗುವುದೇ ಇಲ್ಲ. ಅರ್ತಿಂಗ್ ಕೂಡ ಆಗಲೇ ಮಾಡಿಸಿ.

ಮಳೆ ಮುಗಿದು ಯಂತ್ರವನ್ನು ಗೋಡೌನಿಗೆ ಸೇರಿಸುವ ಮುನ್ನ ಟ್ಯಾಂಕು, ಕಾರ್ಬ್ಯುರೇಟರುಗಳ ಪೆಟ್ರೋಲ್ ಪೂರ್ತಿ ಬಸಿಯಿರಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಮಲೆನಾಡಿನ ತೇವವನ್ನು ಹೀರಿಕೊಂಡು, ನೀರಿನೊಂದಿಗೆ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತದೆ. ಆಮೇಲೆ ತಿಂಗಳಿಗೊಮ್ಮೆ ಹೊಸ ಪೆಟ್ರೋಲ್ ಹಾಕಿ, ನಾಲ್ಕು ಬಲ್ಬು ಸಿಕ್ಕಿಸಿ, ಹದಿನೈದು ನಿಮಿಷ ಓಡಿಸಿ. ಬಲ್ಬು ಕಿತ್ತ ಮೇಲೆ ಎಂಜಿನ್ ನಿಲ್ಲಿಸಿ.