ಕಥೆಯೊಳಗಣ ಹಿಂಸೆಯೂ ಆಟದೊಳಗಣ ಹಿಂಸೆಯೂ
(೨೦೧೧ರ ಒಂದು ಅಮೆರಿಕನ್ ತೀರ್ಪಿನ ವಿಚಾರ)

ಎಳೆಯರಿಗೆ ಯಾವ ಕಥೆಯನ್ನು ಹೇಳಬಹುದು, ಯಾವುದನ್ನು ಹೇಳಕೂಡದು ಎಂಬ ಪ್ರಶ್ನೆಯು ಬಹು ಪುರಾತನವಾದುದು. ಗ್ರೀಕ್ ತತ್ತ್ವಜ್ಞನಾದ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ದೇವತೆಗಳ ಕಲಹವನ್ನೂ ಕ್ರೌರ್ಯವನ್ನೂ ವರ್ಣಿಸುವ ಕಥೆಗಳು ಬಾಲಕರ ಕಿವಿಗೆ ಬೀಳಬಾರದೆಂದು ವಿಧಿಸಿ, ಹೋಮರನ ಕಾವ್ಯಭಾಗಗಳನ್ನೂ ಆ ನಿಷೇಧಕ್ಕೆ ಒಳಪಡಿಸಿದನು. ಅದೇ ಪ್ರಶ್ನೆಯು ನಮ್ಮ ಕಾಲದಲ್ಲಿ ವೀಡಿಯೋ ಆಟಗಳ ರೂಪದಿಂದ ಅಮೆರಿಕ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ೨೦೧೧ನೆಯ ಇಸವಿಯ ಜೂನ್ ೨೭ರಂದು ನಿರ್ಣಯವಾಯಿತು. 'ಬ್ರೌನ್ ವಿರುದ್ಧ ಎಂಟರ್‌ಟೈನ್‌ಮೆಂಟ್ ಮರ್ಚೆಂಟ್ಸ್ ಅಸೋಸಿಯೇಷನ್' ಎಂಬ ಆ ವ್ಯಾಜ್ಯದ ತೀರ್ಪು ನ್ಯಾಯಶಾಸ್ತ್ರಜ್ಞರಿಗೆ ಮಾತ್ರ ಸೇರಿದುದೆಂದು ತೋರಬಹುದು. ಓದಿ ನೋಡಿದರೆ ಅದರ ತಿರುಳು ಸಾಹಿತ್ಯವಿಚಾರವೇ ಆಗಿರುವುದು ಕಂಡುಬರುತ್ತದೆ. ಆ ವಿಚಾರವನ್ನು ವಿವರಿಸಿ, ಸಾಹಿತ್ಯವನ್ನು ಬೋಧಿಸುವವರ ಪಾಲಿಗೆ ಅದು ಏನನ್ನು ಉಳಿಸಿದೆ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವವೃತ್ತಾಂತ. ೧೯೭೬ರಲ್ಲಿಯೇ 'ಡೆತ್ ರೇಸ್' ಎಂಬ ಆಟದಲ್ಲಿ ಓಡುವ ಆಕೃತಿಗಳ ಮೇಲೆ ವಾಹನವನ್ನು ಹಾಯಿಸಬೇಕಾಗಿದ್ದುದರಿಂದ ಜನರಲ್ಲಿ ಆಕ್ಷೇಪಣೆಯುಂಟಾಗಿತ್ತು. ೧೯೯೩ರ ಡಿಸೆಂಬರ್ ತಿಂಗಳಲ್ಲಿ ಸೆನೆಟ್ ಸದಸ್ಯರಾದ ಜೋಸೆಫ್ ಲೀಬರ್‌ಮನ್ ಮತ್ತು ಹರ್ಬರ್ಟ್ ಕೋಲ್ ಎಂಬುವರು 'ಮಾರ್ಟಲ್ ಕಾಂಬ್ಯಾಟ್', 'ನೈಟ್ ಟ್ರ್ಯಾಪ್' ಮೊದಲಾದ ಆಟಗಳ ವಿಷಯದಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಸರ್ಕಾರವೇ ಕೈಹಾಕೀತೆಂಬ ಶಂಕೆಯಿಂದ ವರ್ತಕರು ಮರುವರ್ಷವೇ ಒಂದು ಮಂಡಲಿಯನ್ನು ಸ್ಥಾಪಿಸಿ, ಯಾವ ವಯಸ್ಸಿನವರಿಗೆ ಯಾವ ಆಟ ತಕ್ಕುದೆಂಬುದನ್ನು ಪೆಟ್ಟಿಗೆಗಳ ಮೇಲೆ ಅಚ್ಚುಹಾಕಿಸತೊಡಗಿದರು. ೧೯೯೯ರಲ್ಲಿ ಕೊಲಂಬೈನ್ ಪ್ರೌಢಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಗುಂಡಿನಿಂದ ಹದಿಮೂರು ಮಂದಿಯನ್ನು ಕೊಂದ ಮೇಲೆ, ಆ ಕೊಲೆಗಾರರು 'ಡೂಮ್' ಎಂಬ ಆಟದಲ್ಲಿ ಆಸಕ್ತರಾಗಿದ್ದರೆಂಬ ಸಂಗತಿಯು ತಾಯಿತಂದೆಗಳ ಭಯವನ್ನು ಇಮ್ಮಡಿಸಿತು. ಆ ಭಯವನ್ನು ಹುಸಿಯೆಂದು ಯಾರೂ ನಗುವಂತಿರಲಿಲ್ಲ.

ಕ್ಯಾಲಿಫೋರ್ನಿಯಾದ ೨೦೦೫ರ ಶಾಸನವು ಈ ಭಯದಿಂದ ಹುಟ್ಟಿದುದು. ಮನಃಶಾಸ್ತ್ರಜ್ಞನೂ ಶಾಸನಸಭೆಯ ಸದಸ್ಯನೂ ಆಗಿದ್ದ ಲೀಲಂಡ್ ಯೀ ತಂದ ಮಸೂದೆಗೆ, ಯುದ್ಧಸಾಹಸಗಳ ಚಲಚ್ಚಿತ್ರಗಳಿಂದಲೇ ಖ್ಯಾತನಾಗಿದ್ದ ಗವರ್ನರ್ ಅರ್ನಾಲ್ಡ್ ಶ್ವಾರ್ಜ಼ನೆಗರ್ ಅಂಕಿತ ಹಾಕಿದನು. ಹದಿನೆಂಟು ತುಂಬದವರಿಗೆ ಹಿಂಸಾತ್ಮಕವಾದ ಆಟವನ್ನು ಮಾರಿದವರಿಗೂ ಬಾಡಿಗೆಗೆ ಕೊಟ್ಟವರಿಗೂ ಸಾವಿರ ಡಾಲರುಗಳವರೆಗೆ ದಂಡ. ಮನುಷ್ಯಾಕೃತಿಯನ್ನು ಕೊಲ್ಲುವುದು, ಅಂಗಚ್ಛೇದ ಮಾಡುವುದು ಮೊದಲಾದ ಕ್ರಿಯೆಗಳಿಗೆ ಎಡೆಯಿದ್ದು, ಆ ಆಟವು ಬಾಲಕರ ವಿಕೃತಾಸಕ್ತಿಯನ್ನು ಕೆರಳಿಸುವಂತಿದ್ದು, ಅವರಿಗೆ ಗಂಭೀರವಾದ ಸಾಹಿತ್ಯಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯವಿಲ್ಲದುದಾಗಿದ್ದರೆ ಅದು ನಿಷಿದ್ಧ. ಶಾಸನದ ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ವರ್ತಕರು ಕೂಡಲೇ ನ್ಯಾಯಾಲಯಕ್ಕೆ ಹೋದುದರಿಂದ ಶಾಸನವು ಒಂದು ದಿನವೂ ಜಾರಿಗೆ ಬರಲಿಲ್ಲ.

ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿಯಲ್ಲಿ ಏಳು ಮಂದಿ ಶಾಸನವು ರಾಜ್ಯಾಂಗವಿರುದ್ಧವೆಂದರು. ಅವರಲ್ಲಿ ಐವರ ಪರವಾಗಿ ತೀರ್ಪನ್ನು ಬರೆದವರು ನ್ಯಾಯಾಧೀಶ ಅಂಟೊನಿನ್ ಸ್ಕಲಿಯಾ. ಗ್ರಂಥ, ನಾಟಕ, ಚಲಚ್ಚಿತ್ರಗಳಂತೆ ಆಟಗಳೂ ಪಾತ್ರ, ಸಂಭಾಷಣೆ, ಕಥಾಸಂವಿಧಾನಗಳ ಮೂಲಕ ಭಾವಗಳನ್ನು ತಿಳಿಸುವುದರಿಂದ ಅವಕ್ಕೂ ವಾಕ್‌ಸ್ವಾತಂತ್ರ್ಯದ ರಕ್ಷಣೆಯುಂಟೆಂಬುದು ಅವರ ಮೊದಲನೆಯ ಸಿದ್ಧಾಂತ. ಅಶ್ಲೀಲವನ್ನು ಬಾಲಕರಿಂದ ದೂರವಿಡುವ ಸಂಪ್ರದಾಯ ಆ ದೇಶದಲ್ಲಿ ಇದ್ದರೂ, ಹಿಂಸೆಯ ವರ್ಣನೆಯನ್ನು ದೂರವಿಡುವ ಸಂಪ್ರದಾಯ ಎಂದೂ ಇರಲಿಲ್ಲವೆಂಬುದು ಎರಡನೆಯದು. ಇದನ್ನು ಸ್ಥಾಪಿಸಲು ಅವರು ಆಶ್ರಯಿಸಿದುದು ಸಾಹಿತ್ಯವನ್ನು. ಗ್ರಿಮ್ ಸಹೋದರರ ಕಥೆಗಳಲ್ಲಿ ದುಷ್ಟರಾಣಿಯು ಕೆಂಪಗೆ ಕಾದ ಪಾದರಕ್ಷೆಗಳನ್ನು ತೊಟ್ಟು ಸಾಯುವವರೆಗೆ ಕುಣಿಯುತ್ತಾಳೆ. ಸಿಂಡರೆಲ್ಲಳ ಮಲಸಹೋದರಿಯರ ಕಣ್ಣುಗಳನ್ನು ಪಾರಿವಾಳಗಳು ಕುಕ್ಕಿ ತೆಗೆಯುತ್ತವೆ. ಹ್ಯಾನ್ಸೆಲ್ ಮತ್ತು ಗ್ರೆಟೆಲ್ ಎಂಬ ಮಕ್ಕಳು ತಮ್ಮನ್ನು ಸೆರೆಯಿಟ್ಟವಳನ್ನು ಒಲೆಯಲ್ಲಿ ಬೇಯಿಸುತ್ತಾರೆ. ಶಾಲೆಗಳಲ್ಲಿ ಓದಿಸುವ ಕಾವ್ಯದಲ್ಲಿ ಒಡಿಸ್ಯೂಸನು ಒಕ್ಕಣ್ಣ ದೈತ್ಯನ ಕಣ್ಣನ್ನು ಕಾದ ಗೂಟದಿಂದ ಇರಿಯುತ್ತಾನೆ; ಡಾಂಟೆಯ ನರಕದಲ್ಲಿ ಲಂಚಕೋರರು ಕುದಿಯುವ ರಾಳದಲ್ಲಿ ಮುಳುಗಿರುತ್ತಾರೆ; ಗೋಲ್ಡಿಂಗನ ಕಾದಂಬರಿಯಲ್ಲಿ ಬಾಲಕರೇ ಬಾಲಕನನ್ನು ಕೊಲ್ಲುತ್ತಾರೆ. ಡಾಂಟೆಯನ್ನು ಓದುವುದು ಆಟಕ್ಕಿಂತ ಸಂಸ್ಕಾರಯುತವಾದುದೇ ಸರಿ, ಆದರೆ ಆ ಭೇದವು ರಾಜ್ಯಾಂಗವು ಎಣಿಸುವ ಭೇದವಲ್ಲವೆಂದು ಅವರ ಅಭಿಪ್ರಾಯ.

ಇಲ್ಲಿ ಪ್ರತಿಪಕ್ಷದ ಆಕ್ಷೇಪವು ಬಲವಾದುದು. ಕಥೆಯನ್ನು ಕೇಳುವವನು ನೋಡುವವನು ಮಾತ್ರ. ಆಟದಲ್ಲಿಯಾದರೋ ಆಡುವವನೇ ಕರ್ತೃ. ಇದಕ್ಕೆ ಉತ್ತರವನ್ನು ೨೦೦೧ರಲ್ಲಿಯೇ, ಇಂಡಿಯಾನಾಪೊಲಿಸ್ ನಗರದ ಇಂತಹದೇ ಕಟ್ಟಳೆಯನ್ನು ತಡೆದ ನ್ಯಾಯಾಧೀಶ ರಿಚರ್ಡ್ ಪೋಸ್ನರ್ ಕೊಟ್ಟಿದ್ದರು. ಸಾಹಿತ್ಯವೆಲ್ಲವೂ ವಾಚಕನನ್ನು ಒಳಕ್ಕೆ ಸೆಳೆದುಕೊಳ್ಳುವುದೇ. ಉತ್ತಮವಾದಷ್ಟೂ ಹೆಚ್ಚಾಗಿ ಸೆಳೆಯುತ್ತದೆ ಎಂಬುದು ಅವರ ಮಾತಿನ ಸಾರ. ಸಹೃದಯನ ತನ್ಮಯತೆಯನ್ನು ಬಲ್ಲ ನಮ್ಮ ಆಲಂಕಾರಿಕರಿಗೆ ಇದು ಅಪರಿಚಿತವಾದ ಮಾತಲ್ಲ. ಸ್ಕಲಿಯಾ ಅದನ್ನೇ ಎತ್ತಿಕೊಂಡರು. ಆದರೆ ಶಾಸನವು ಅಸ್ಪಷ್ಟವೆಂಬ ಬೇರೊಂದು ಕಾರಣದಿಂದ ಅದನ್ನು ತಳ್ಳಿಹಾಕಿದ ನ್ಯಾಯಾಧೀಶ ಸ್ಯಾಮ್ಯುಅಲ್ ಅಲಿಟೋ ಇದನ್ನು ಒಪ್ಪಲಿಲ್ಲ. ದಾಸ್ತೋಯೆವ್‌ಸ್ಕಿಯ ಕಾದಂಬರಿಯಲ್ಲಿ ರಾಸ್ಕೋಲ್ನಿಕೋವನು ಬಡ್ಡಿಯ ಮುದುಕಿಯನ್ನು ಕೊಡಲಿಯಿಂದ ಕೊಲ್ಲುವುದನ್ನು ಓದುವವನನ್ನೂ, ತನ್ನದೇ ಮುಖವುಳ್ಳ ಆಕೃತಿಯಿಂದ ಆ ಕೊಡಲಿಯನ್ನು ತಾನೇ ಎತ್ತಿ ಹೊಡೆಯುವವನನ್ನೂ ಹೋಲಿಸಿ ನೋಡಿರೆಂದು ಅವರು ಕೇಳಿದರು. ಭಿನ್ನಾಭಿಪ್ರಾಯವನ್ನಿತ್ತ ಇಬ್ಬರಲ್ಲಿ, ಬಾಲಕರೊಡನೆ ಮಾತನಾಡಲು ಹೆತ್ತವರ ಅನುಮತಿ ಬೇಕೆಂಬುದೇ ರಾಜ್ಯಾಂಗಕರ್ತರ ಭಾವವೆಂದು ಕ್ಲಾರೆನ್ಸ್ ಥಾಮಸ್ ಹೇಳಿದರು. ಹದಿಮೂರರ ಹುಡುಗನಿಗೆ ನಗ್ನಚಿತ್ರವನ್ನು ಮಾರಕೂಡದು, ಹೆಂಗಸನ್ನು ಕಟ್ಟಿ ಹಿಂಸಿಸಿ ಕೊಲ್ಲುವ ಆಟವನ್ನು ಮಾರಬಹುದು ಎಂಬುದು ಯಾವ ನ್ಯಾಯವೆಂದು ಸ್ಟೀಫನ್ ಬ್ರೈಯರ್ ಪ್ರಶ್ನಿಸಿದರು.

ಆಟದಿಂದ ಕೇಡುಂಟೆಂಬುದಕ್ಕೆ ಸರ್ಕಾರವು ಮನಃಶಾಸ್ತ್ರದ ಪ್ರಯೋಗಗಳನ್ನು ಮುಂದಿಟ್ಟಿತ್ತು. ಅವು ಸಂಬಂಧವನ್ನು ತೋರಿಸಿದರೂ ಕಾರಣವನ್ನು ಸಿದ್ಧಪಡಿಸಲಿಲ್ಲವೆಂದು ನ್ಯಾಯಾಲಯವು ಕಂಡಿತು. ಒಂದು ಪ್ರಯೋಗದಲ್ಲಿ, ಅಕ್ಷರವೊಂದನ್ನು ಬಿಟ್ಟ ಇಂಗ್ಲಿಷ್ ಶಬ್ದವನ್ನು ಹಿಂಸೆಯ ಆಟವಾಡಿದವರು 'ಅನ್ವೇಷಿಸು' ಎಂಬರ್ಥದ 'ಎಕ್ಸ್‌ಪ್ಲೋರ್' ಎಂದು ತುಂಬದೆ, 'ಸಿಡಿ' ಎಂಬರ್ಥದ 'ಎಕ್ಸ್‌ಪ್ಲೋಡ್' ಎಂದು ತುಂಬುವುದು ಹೆಚ್ಚು ಎಂಬುದೇ ಪ್ರಮಾಣವಾಗಿತ್ತು. ಪೂರ್ವದ ಅನುಭವವೂ ಎಚ್ಚರಿಕೆಯನ್ನು ಕಲಿಸುವಂತಹುದು. ೧೯೧೫ರಲ್ಲಿ ಚಲಚ್ಚಿತ್ರವು ಬರಿಯ ವ್ಯಾಪಾರವೆಂದ ಅದೇ ನ್ಯಾಯಾಲಯವು ೧೯೫೨ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಚಿತ್ರಕಥೆಗಳ ಪುಸ್ತಕಗಳು ಬಾಲಾಪರಾಧಕ್ಕೆ ಮೂಲವೆಂದು ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ವೈದ್ಯನು ಗ್ರಂಥ ಬರೆದು ಸೆನೆಟ್ಟಿನ ಮುಂದೆ ಸಾಕ್ಷ್ಯ ನುಡಿದನು. ಅವನು ತನ್ನ ಆಧಾರಗಳನ್ನು ತಿದ್ದಿದ್ದನೆಂಬುದನ್ನು ೨೦೧೨ರಲ್ಲಿ ಕ್ಯಾರಲ್ ಟಿಲಿ ಎಂಬ ವಿದುಷಿ ಅವನ ಕಾಗದಪತ್ರಗಳಿಂದಲೇ ತೋರಿಸಿದರು.

ಹೀಗೆ ತೀರ್ಪು ನ್ಯಾಯದೃಷ್ಟಿಯಿಂದ ಸಮರ್ಥವಾದುದೇ. ಆದರೂ ಅದರ ಸಾಹಿತ್ಯವಾದದಲ್ಲಿ ಒಂದು ಕೊರತೆಯಿದೆ. ಸ್ಕಲಿಯಾ ಕೊಟ್ಟ ಪಟ್ಟಿಯು ಕೃತ್ಯಗಳನ್ನು ಮಾತ್ರ ಹೋಲಿಸುತ್ತದೆ. ಕೃತ್ಯವು ಕಥೆಯಲ್ಲಿ ನಿಂತಿರುವ ಸ್ಥಾನವನ್ನು ಹೋಲಿಸುವುದಿಲ್ಲ. ಒಲೆಯೊಳಕ್ಕೆ ಮಾಟಗಾತಿಯನ್ನು ನೂಕುವ ಗ್ರೆಟೆಲ್ ಅದಕ್ಕೆ ಮೊದಲು ಹಸಿದಿದ್ದಾಳೆ, ಹೆತ್ತವರಿಂದ ಕಾಡುಪಾಲಾಗಿದ್ದಾಳೆ, ಅಣ್ಣನಿಗಾಗಿ ಅತ್ತಿದ್ದಾಳೆ. ನಮ್ಮ ತರಗತಿಗಳಲ್ಲಿ ಓದಿಸುವ ರನ್ನನ 'ಗದಾಯುದ್ಧ'ವನ್ನೇ ತೆಗೆದುಕೊಳ್ಳಬಹುದು. ತೊಡೆಯನ್ನು ಮುರಿಯುವ ಭೀಮನ ಹಿಂದೆ ದ್ರೌಪದಿಯ ಅವಮಾನವಿದೆ. ಆ ತೊಡೆ ಮುರಿಯುವುದಕ್ಕೆ ಮುಂಚೆ ದುರ್ಯೋಧನನು ರಣರಂಗದಲ್ಲಿ ನಡೆದು, ದ್ರೋಣನ, ಅಭಿಮನ್ಯುವಿನ, ತಮ್ಮನ, ಮಗನ, ಕರ್ಣನ ಶವಗಳ ಮುಂದೆ ನಿಂತು ದುಃಖಿಸುವುದನ್ನು ಕವಿ ನಮಗೆ ತೋರಿಸಿರುತ್ತಾನೆ. ಆದಕಾರಣ ಏಟು ಬಿದ್ದಾಗ ವಾಚಕನಿಗೆ ಜಯದ ಹರ್ಷ ಮಾತ್ರ ಉಳಿಯುವುದಿಲ್ಲ. ಭರತನಾದರೋ ಯುದ್ಧವನ್ನೂ ಮರಣವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಕೂಡದು, ಪ್ರವೇಶಕದಿಂದ ಸೂಚಿಸಬೇಕು ಎಂದು ನಿಯಮಿಸಿದನು. ಹೇಳುವುದಕ್ಕೂ ಕಾಣಿಸುವುದಕ್ಕೂ ಅಂತರವುಂಟೆಂಬುದನ್ನು ಅವನು ಬಲ್ಲನು. ಮಾಡಿಸುವುದಕ್ಕೆ ಇನ್ನೂ ಅಂತರವುಂಟೆಂಬ ಅಲಿಟೋರವರ ಶಂಕೆಯನ್ನು ನಾವು ಸುಲಭವಾಗಿ ತಳ್ಳಿಹಾಕಲಾಗದು.

ಹಾಗಾದರೆ ಶಾಸನವೇ ಲೇಸಾಗಿತ್ತೆ? ಅಲ್ಲವೆಂದೇ ಹೇಳಬೇಕು. ಅದು ಉಳಿದಿದ್ದರೆ, ಒಂದು ಕೃತಿಯಲ್ಲಿ ಬಾಲಕರಿಗೆ ಗಂಭೀರವಾದ ಸಾಹಿತ್ಯಮೌಲ್ಯವಿದೆಯೆ ಎಂಬುದನ್ನು ಮೊದಲು ಅಂಗಡಿಯವನು ದಂಡದ ಭಯದಿಂದಲೂ, ಆಮೇಲೆ ನ್ಯಾಯಾಲಯವು ಪ್ರಮಾಣಗಳಿಂದಲೂ ನಿರ್ಣಯಿಸಬೇಕಾಗುತ್ತಿತ್ತು. ಇಂದು ಆಟಕ್ಕೆ ಹಿಡಿದ ಅಳತೆಗೋಲನ್ನು ನಾಳೆ ಕಥೆಗೂ ಕಾವ್ಯಕ್ಕೂ ಹಿಡಿಯುವುದನ್ನು ತಡೆಯುವವರು ಯಾರು? ಸ್ಥಾನೌಚಿತ್ಯವನ್ನು ದಂಡನೆಯಿಂದ ಅಳೆಯಲಾಗದು. ಆದರೆ ಕಾನೂನು ಕೆಳಗಿಟ್ಟ ಪ್ರಶ್ನೆಯು ಅಷ್ಟರಿಂದ ಇಲ್ಲವಾಗುವುದಿಲ್ಲ. ಅದು ತಾಯಿತಂದೆಗಳ ಮತ್ತು ಉಪಾಧ್ಯಾಯರ ಬಳಿಗೆ ಬರುತ್ತದೆ. ಬಾಲಕನು ಆಡುವ ಆಟವನ್ನು ನೋಡದೆಯೇ ನಿಂದಿಸುವ ಉಪಾಧ್ಯಾಯನೂ, ಅದು ಆಟವಷ್ಟೇ ಎಂದು ಸುಮ್ಮನಾಗುವವನೂ ಸಮಾನವಾಗಿ ಕರ್ತವ್ಯದಿಂದ ಜಾರಿದವರು. ಇಲ್ಲಿ ಕೊಲ್ಲಲ್ಪಟ್ಟವನು ಯಾರು, ಅವನಿಗಾಗಿ ಅಳುವವರು ಆ ಕಥೆಯಲ್ಲಿ ಇದ್ದಾರೆಯೆ ಎಂದು ಬಾಲಕನನ್ನು ಕೇಳಬಲ್ಲವನು ಕಾವ್ಯವನ್ನು ಓದಿಸಿ ಬಲ್ಲವನೇ. ತೀರ್ಪು ಆಟವನ್ನು ಕಾವ್ಯದ ಪಂಕ್ತಿಯಲ್ಲಿ ಕುಳ್ಳಿರಿಸಿತು. ಆ ಪಂಕ್ತಿಯಲ್ಲಿ ಕುಳಿತವರ ಯೋಗ್ಯತೆಯನ್ನು ವಿಚಾರಿಸುವುದು ಹಿಂದಿನಂತೆಯೇ ವಿಮರ್ಶೆಯ ಕೆಲಸವಾಗಿದೆ.